ಕುದುರೆಯ ಮೇಲೆ ಸೀರೆ ಮಡಚಿಸಿದವರು

ನಮ್ಮ ಉಸ್ತಾದರು ನೆಟ್ಟಗೆ ನಿಂತರೆ ಅವರ ಎರಡು ಮೊಣಕಾಲುಗಳ ನಡುವೆ ಒಂದು ಆಡಿನ ಮರಿ ಆರಾಮಾಗಿ ದಾಟಿ ಹೋಗಬಹುದಿತ್ತು. ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಚಿಕ್ಕಂದಿನಿಂದ ಕುದುರೆಯ ಹೊಟ್ಟೆಯನ್ನು ಅವಚಿ ಅವಚಿ ಆ ಕಾಲುಗಳು ಬಿಲ್ಲಿನ ಹಾಗೆ ಬಾಗಿದ್ದವು. ನೆಲದ ಮೇಲೆ ನಡೆಯುವಾಗ ಅತ್ತಿತ್ತ ವಾಲುತ್ತ ಬರುತ್ತಿದ್ದ ಮನುಷ್ಯ ಜೀನಿನ ಮೇಲೆ ಕೂತರೆ ಸಾಕು, ಮಕ್ತಲದ ಪೇಟೆಯಲ್ಲಿ ತಕ್ಕಡಿ ಹಿಡಿದವರೂ ತಲೆ ಎತ್ತಿ ನೋಡುತ್ತಿದ್ದರು. ಅವರು ನೋಡುತ್ತಾರೆ ಎಂಬುದು ಉಸ್ತಾದರಿಗೂ ಗೊತ್ತಿತ್ತು. ಅದಕ್ಕೆಂದೇ ಮೀಸೆಗೆ ಕಪ್ಪು ಹಚ್ಚಿ, ಹಣೆಗೆ ದಪ್ಪ ವಿಭೂತಿ ಬಳಿದು, ಕೆಂಪು ರುಮಾಲು ಸುತ್ತಿಯೇ ಲಾಯದಿಂದ ಹೊರಬೀಳುತ್ತಿದ್ದರು.

ಒಕ್ಕಲು ಮನೆಯಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಗದ್ವಾಲದ ಕಡೆ ದೊಡ್ಡವರೊಬ್ಬರ ಲಾಯ ಸೇರಿ, ಕುದುರೆ ಪಳಗಿಸುವುದನ್ನು ಕಲಿತು, ನಡುವಯಸ್ಸಿಗೆ ಮಕ್ತಲಕ್ಕೆ ಮರಳಿ ಊರಬಾಗಿಲ ಅಗಸಿಯ ಪಕ್ಕದಲ್ಲಿ ತಮ್ಮದೇ ಲಾಯ ಮಾಡಿಕೊಂಡಿದ್ದರು. ನಿಜಾಮರ ಕಾಲ ಅದು. ಕಂದಾಯ ನೋಡುವ ಗಿರ್ದಾವರರು ಹಳ್ಳಿ ತಿರುಗಲು ಕುದುರೆ ಇಟ್ಟುಕೊಳ್ಳಲೇಬೇಕಿತ್ತು. ಶಹರದಿಂದ ಶೇರವಾನಿ ತೊಟ್ಟು ಬಂದ ಎಷ್ಟೋ ಗಿರ್ದಾವರರು ನಮ್ಮ ಉಸ್ತಾದರ ಕೈಯಲ್ಲಿ ಹಳ್ಳದ ಉಸುಕಿಗೆ ಬಿದ್ದೆದ್ದೇ ಸವಾರರಾದವರು. ಉಸ್ತಾದರು ಕುದುರೆಯೊಂದಿಗೆ ಉರ್ದು, ಶಿಷ್ಯರೊಂದಿಗೆ ಕನ್ನಡ ಆಡುತ್ತಿದ್ದರು. ಬೈಗುಳಕ್ಕೆ ಮಾತ್ರ ತೆಲುಗು. ಕತ್ತೆಗೆ ತೆಲುಗಿನಲ್ಲಿ ಗಾಡಿದ ಎನ್ನುತ್ತಾರಲ್ಲ, ಕುದುರೆಯ ಮೇಲೆ ಕೂತವರನ್ನೆಲ್ಲ ಅವರು ಕರೆಯುತ್ತಿದ್ದದ್ದು ಹಾಗೆಯೇ.

ಬಡಾಯಿಗೆ ಅವರನ್ನು ಮೀರಿಸುವವರಿರಲಿಲ್ಲ. ಯಾರ ಕುದುರೆ ಚೆನ್ನಾಗಿ ನಡೆದರೂ 'ನಂದ ಕೈ', ಯಾರು ಚೆನ್ನಾಗಿ ಕೂತರೂ 'ನಾ ಕೂಡಿಸಿದ್ದು'. ಬಿದ್ದವರನ್ನು ಮಾತ್ರ ಅವರವರ ಹಣೆಬರಹಕ್ಕೆ ಬಿಡುತ್ತಿದ್ದರು.

ನಾನು ಅವರ ಬಳಿಗೆ ಹೋದದ್ದು ಹೊಟ್ಟೆಪಾಡಿಗೆ. ಗಂಡ ತೀರಿಕೊಂಡ ಮೇಲೆ ನಾರಾಯಣಪೇಟೆಯಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ ನನ್ನ ಅಪ್ಪ ಊರವರ ಮಾತಿಗೆ ಕಿವಿಗೊಡದೆ ನನ್ನನ್ನು ಹೈದರಾಬಾದಿಗೆ ಕಳಿಸಿ ಸೂಲಗಿತ್ತಿ ಕೆಲಸ ಕಲಿಸಿದ. ಮಕ್ತಲದ ದವಾಖಾನೆಯಲ್ಲಿ ನೌಕರಿಯೂ ಸಿಕ್ಕಿತು, ಆದರೆ ಪಕ್ಕಾ ಆಗಿರಲಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ. ಮಳೆ ಹಿಡಿದರೆ ಕೃಷ್ಣಾ ಹೊಳೆಯ ಕಡೆಯ ಎರೆಮಣ್ಣು ಗಾಡಿಯ ಚಕ್ರ ಬಿಡುವುದಿಲ್ಲ. ಡಾಕ್ಟರ್ ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟರು: ಮಳೆಗಾಲ ಬರುವುದರೊಳಗೆ ಕುದುರೆ ಹತ್ತಲು ಬಂದರೆ ನೌಕರಿ, ಬಾರದಿದ್ದರೆ ಈ ಜಾಗಕ್ಕೆ ಗಂಡಸು ಕಂಪೌಂಡರನನ್ನು ಕೇಳುತ್ತೇನೆ. ಕಂಪೌಂಡರ್ ಬಂದರೆ ಯಾವ ಮನೆಯವರು ಬಾಣಂತಿಕೋಣೆಯ ಬಾಗಿಲು ತೆಗೆಯುತ್ತಾರೆ? ನನ್ನ ಮಟ್ಟಿಗಂತೂ ಮುಂದಿನದು ಕಾಣುತ್ತಲೇ ಇತ್ತು. ನಾರಾಯಣಪೇಟೆಗೆ ಮರಳಿ, ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸೀರೆ ಮಡಚುತ್ತ ಮುದುಕಿಯಾಗುವುದು.

ಅಪ್ಪ ಗದ್ವಾಲಕ್ಕೆ ಸೀರೆ ತರಲು ಹೋದವನು ಒಂದು ಬಿಳಿ ಹೆಣ್ಣುಕುದುರೆಯನ್ನು ಹೊಡೆದುಕೊಂಡು ಬಂದ. ಹೆಸರು ಚಾಂದನಿ. ಪಟಾಕಿ ಸಿಡಿದರೂ ಕಿವಿ ಅಲ್ಲಾಡಿಸುವುದಿಲ್ಲ, ಬಲು ಸಾಧು ಎಂದು ಅವನಿಗೆ ಖುಷಿ. ಉಸ್ತಾದರು ಅದರ ಸುತ್ತ ಒಂದು ಸಲ ತಿರುಗಿ, ಹಲ್ಲು ನೋಡಿ, ಗೊರಸು ಎತ್ತಿ ನೋಡಿ ನಕ್ಕರು.

"ನಿಮ್ಮ ಅಪ್ಪಾರು ಸೀರಿ ನೋಡಿದಂಗ ಕುದುರಿ ನೋಡಿ ತಂದಾರ ಅಮ್ಮಾರ. ಅಂಚು ಚಲೋ ಐತಿ, ಸೆರಗು ಚಲೋ ಐತಿ. ಇದು ಮದುವಿ ಕುದುರಿ."

"ಮದುವಿ ಕುದುರಿ ಆದ್ರ ಏನಾತ್ರಿ?"

"ಏನೂ ಆಗಿಲ್ಲ. ಇದು ವರನ್ನ ಹೊತ್ತಾಂಗ ನಿಮ್ಮನ್ನ ಹೊರ್ತೈತಿ. ಹೆರಿಗಿ ಮನಿ ಮುಟ್ಟೂದ್ರಾಗ ಕೂಸಿಗೆ ಜಾವಳ ತೆಗೀಬೇಕಾಗ್ತೈತಿ."

ಹೆಂಗಸಿಗೆ ಸವಾರಿ ಕಲಿಸುವುದೇ ಎಂದು ಊರಲ್ಲಿ ಒಂದಷ್ಟು ಮಾತಾಯಿತು. ಉಸ್ತಾದರು ಅದಕ್ಕೆ ಒಂದೇ ಉತ್ತರ ಕೊಟ್ಟರು: "ಕುದುರಿಗೆ ಗಂಡ್ಸು ಹೆಂಗ್ಸು ಗೊತ್ತಿಲ್ಲ. ಮ್ಯಾಲ ಕುಂತೋರು ಅಂಜ್ಯಾರೋ ಇಲ್ಲೋ, ಅಷ್ಟ ಗೊತ್ತು." ಒಬ್ಬ ವಿಧವೆಗೆ ಆ ಊರಲ್ಲಿ ಅಂಥ ಮಾತು ಸುಮ್ಮನೆ ಸಿಗುವಂಥದ್ದಲ್ಲ. ಅವತ್ತೇ ಅವರ ಮೇಲೆ ನನಗೆ ಅಭಿಮಾನ ಹುಟ್ಟಿತು.

ನಾನು ಕಚ್ಚೆ ಹಾಕಿ ಸೀರೆ ಉಟ್ಟು ಹೋಗುತ್ತಿದ್ದೆ. ಪಾಠ ನಡೆಯುತ್ತಿದ್ದದ್ದು ಬತ್ತಿದ ಹಳ್ಳದ ಉಸುಕಿನಲ್ಲಿ. ಉಸುಕಿನಲ್ಲಿ ಕುದುರೆ ಓಡಿಹೋಗಲು ನೋಡಿದರೂ ಬೇಗ ದಣಿಯುತ್ತದೆ, ಬಿದ್ದವರಿಗೆ ಎಲುಬು ಉಳಿಯುತ್ತದೆ. ಜೀನಿಲ್ಲ, ಕಾಲಿಡಲು ರಿಕಾಬಿಲ್ಲ, ಲಗಾಮಂತೂ ಕೇಳಲೇಬಾರದು. ಉದ್ದ ಹಗ್ಗದ ತುದಿ ಹಿಡಿದು ಅವರು ನಡುವೆ ನಿಲ್ಲುವರು. ಚಾಂದನಿ ಸುತ್ತು ಹಾಕುವಳು. ನಾನು ಎರಡೂ ಕೈಗಳಿಂದ ಅವಳ ಕೇಸರವನ್ನು ಹಿಡಿದು ಜೋತುಬೀಳುವೆ.

"ಗಾಡಿದ! ಕೈ ಬಿಡ್ರಿ!"

ಬಿಡುವುದು ಹೇಗೆ? ಬಿಟ್ಟರೆ ಬೀಳುತ್ತೇನೆ. ಬಿಟ್ಟೆ, ಬಿದ್ದೆ. ಹತ್ತಿದೆ, ಮತ್ತೆ ಹಿಡಿದೆ. ಕೆಲವು ದಿನ ಇದೇ ಆಯಿತು. ಒಂದು ಬೆಳಿಗ್ಗೆ ಉಸ್ತಾದರು ಹಗ್ಗ ಕೆಳಗಿಟ್ಟು ಹತ್ತಿರ ಬಂದರು.

"ಅಪ್ಪಾರ ಅಂಗಡ್ಯಾಗ ಏನ್ ಮಾಡ್ತಿದ್ರಿ?"

"ಸೀರಿ ಮಡಚ್ತಿದ್ದೆ."

"ಹಂಗಾರ ನಾಳೆ ಒಂದು ಸೀರಿ ತರ್ರಿ."

ತಂದೆ. ಒಂಬತ್ತು ಗಜವೂ ಬಿಚ್ಚಿದ ನಾರಾಯಣಪೇಟೆ ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿ ಕುದುರೆಯನ್ನು ನಡೆಸಿದರು. ಮಡಚಬೇಕು, ಅಂಚಿಗೆ ಅಂಚು ಕೂಡಬೇಕು. ಹಳ್ಳದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕಲ್ಲಿನ ಮೇಲೆ ಕೂತು ನಗತೊಡಗಿದರು. ನನಗೆ ನಾಚಿಕೆ, ಸಿಟ್ಟು ಎರಡೂ ಬಂದವು. ಆದರೆ ಸೀರೆ ಉಸುಕಿಗೆ ಜಾರಿದರೆ ಅಪ್ಪ ಏನೆಂದಾನು ಎಂಬ ಚಿಂತೆ ಅವೆರಡಕ್ಕಿಂತ ದೊಡ್ಡದಿತ್ತು. ನೆರಿಗೆ ಸರಿಮಾಡುತ್ತ, ಅಂಚು ಎಳೆಯುತ್ತ ಮಡಚಿದೆ. ಮಡಚಿ ಮುಗಿಸಿ ತಲೆ ಎತ್ತಿದರೆ ಚಾಂದನಿ ನಡಿಗೆ ಬಿಟ್ಟು ಓಡುತ್ತಿದ್ದಳು. ಯಾವಾಗ ಓಡಲು ಶುರುಮಾಡಿದಳೋ ನನಗೆ ತಿಳಿದೇ ಇರಲಿಲ್ಲ.

ಆಮೇಲೆ ಗೊತ್ತಾಯಿತು, ಎಲ್ಲ ಶಿಷ್ಯರಿಗೂ ಅವರು ಮಾಡುತ್ತಿದ್ದದ್ದು ಇದನ್ನೇ. ಒಬ್ಬ ಗಿರ್ದಾವರರಿಗೆ ಕುದುರೆಯ ಮೇಲೆ ಪಾನ್ ಕಟ್ಟಲು ಹಚ್ಚಿದ್ದರಂತೆ, ಇನ್ನೊಬ್ಬರಿಗೆ ರುಮಾಲು ಬಿಚ್ಚಿ ಸುತ್ತಲು. "ಅಂಜಿಕಿ ಮೊದಲು ಕೈಗೆ ಬರ್ತೈತ್ರಿ, ಆಮ್ಯಾಲ ಲಗಾಮಿಗೆ, ಅಲ್ಲಿಂದ ಕುದುರಿ ಬಾಯಿಗೆ. ಕೈಗೆ ಅದರ ಕೆಲಸ ಕೊಟ್ಟಬಿಟ್ರ ಅಂಜಿಕಿಗೆ ಹಾದಿ ಇಲ್ಲ," ಎನ್ನುತ್ತಿದ್ದರು. ಕುದುರೆಗೆ ಕಲಿಸುವುದು ಸುಲಭ, ಮನುಷ್ಯರಿಗೆ ಕಲಿಸುವುದೇ ತ್ರಾಸು ಎಂಬುದು ಅವರ ನಿತ್ಯದ ದೂರು. ಕುದುರೆ ತಪ್ಪು ಮಾಡಿದರೆ ಅಲ್ಲಿಗೆ ಮುಗಿಯಿತು, ಮನುಷ್ಯ ತಪ್ಪು ಮಾಡಿ ಕಾರಣ ಹೇಳುತ್ತಾನೆ. ಎಷ್ಟೇ ರೇಗಿದರೂ ಶಿಷ್ಯ ಮೊದಲ ಸಲ ಸಲೀಸಾಗಿ ಕೂತ ದಿನ ಮಾತ್ರ ಅವರ ಮುಖ ನೋಡಬೇಕು. ಮೀಸೆಯ ಕೆಳಗೆ ನಗು ತಡೆಯಲಾರದೆ ಕುದುರೆಯ ಕುತ್ತಿಗೆಗೆ ಮುಖ ಒತ್ತಿ ಅದಕ್ಕೇ ಶಾಬಾಶ್ ಹೇಳುತ್ತಿದ್ದರು.

ನಾನು ಕೂರಲು ಕಲಿತೆ. ಚಾಂದನಿಯ ಚಟ ಉಳಿಯಿತು. ಮದುವೆಯ ಮೆರವಣಿಗೆಯಲ್ಲಿ ವರನ ಕುದುರೆಯನ್ನು ಮನೆಮನೆಯ ಮುಂದೆ ನಿಲ್ಲಿಸಿ ಆರತಿ ಬೆಳಗುತ್ತಾರೆ, ಕುದುರೆಯ ಬಾಯಿಗೆ ಬೆಲ್ಲ ಇಡುತ್ತಾರೆ. ಹೀಗಾಗಿ ಈ ಮಹಾರಾಣಿ ಊರೊಳಗೆ ಕಾಲಿಟ್ಟರೆ ಒಂದೊಂದು ಬಾಗಿಲಿಗೂ ನಿಲ್ಲುವಳು. ನಾನು ಎಷ್ಟು ಹಿಮ್ಮಡಿ ಒತ್ತಿದರೂ ಇಲ್ಲ, ಬೆಲ್ಲ ಬರಬೇಕು. ಉಸ್ತಾದರು ಪಾಠ ತಿರುಗಿಸಿದರು. ಊರೊಳಗೆ ಯಾರೂ ಏನೂ ಕೊಡಕೂಡದು, ಊರು ದಾಟಿ ಅಗಸಿಯ ಹೊರಗೆ ಬಂದರೆ ಅಲ್ಲಿ ಬೆಲ್ಲ. ಒಳ್ಳೆಯ ಉಪಾಯವೇ. ಆದರೆ ಮಕ್ತಲದ ಹೆಣ್ಣುಮಕ್ಕಳು ಬಿಡಬೇಕಲ್ಲ! ಮದುವೆ ಕುದುರೆ ತಾನಾಗಿ ಹೊಸ್ತಿಲಿಗೆ ಬಂದರೆ ಬರಿಬಾಯಲ್ಲಿ ಕಳಿಸುವುದುಂಟೇ ಎಂದು ಸೆರಗಿನ ಮರೆಯಲ್ಲಿ ಬೆಲ್ಲ ತಂದು ತಿನ್ನಿಸುತ್ತಿದ್ದರು. ಕೊನೆಗೆ ಉಸ್ತಾದರೇ ಬಾಗಿಲು ಬಾಗಿಲಿಗೆ ಹೋಗಿ ಕೈಮುಗಿದರು.

"ತಾಯಿ, ಇವತ್ತು ನೀವು ಬೆಲ್ಲ ಕೊಟ್ರ ನಾಳೆ ನಿಮ್ಮ ಮಗಳ ಹೆರಿಗಿಗೆ ಈ ಅಮ್ಮಾರು ಮುಟ್ಟಾಂಗಿಲ್ಲ. ಯಾವುದು ಬೇಕು ಹೇಳ್ರಿ."

ಬೆಲ್ಲ ನಿಂತಿತು. ಚಾಂದನಿ ಒಂದೆರಡು ವಾರ ಮುನಿಸಿಕೊಂಡಳು, ಆಮೇಲೆ ಊರು ದಾಟಲು ನನಗಿಂತ ಆತುರಪಟ್ಟಳು. ಬಗೆಹರಿಯದೆ ಉಳಿದದ್ದು ಮೆರವಣಿಗೆಯಲ್ಲಿ ಬಾರಿಸುವ ಹಲಗೆಯ ಸದ್ದು. ಹಲಗೆ ಕೇಳಿದರೆ ಅವಳು ಕುಣಿಯಲೇಬೇಕು. ಉಸ್ತಾದರು ಹಲಗೆ ಬಾರಿಸುವವನನ್ನು ಹಳ್ಳಕ್ಕೆ ಕರೆಸಿ, ಬೇಸಿಗೆಯೆಲ್ಲ ಹೆಣಗಿ ಸೋತರು. ಸೋಲನ್ನೂ ಅವರು ಒಪ್ಪಿಕೊಂಡ ರೀತಿ ನೋಡಿ: "ಇದಕ್ಕ ಕುಣಿಯಾಕ ಕಲಿಸಿದಾವ ನನ್ನಷ್ಟ ಚಲೋ ಉಸ್ತಾದ ಇದ್ದಾನ್ರಿ, ಅದಕ್ಕ ಬಿಡವಲ್ದು. ಕುಣೀಲಿ ಬಿಡ್ರಿ, ಅದು ಅದರ ಹಳೇ ನೌಕರಿ. ಒಂದು ಸುತ್ತು ಆಗ್ಲಿ, ಆಮ್ಯಾಲ ನಿಮ್ಮ ಕೆಲಸ ಹೇಳ್ರಿ."

ಕಾರಹುಣ್ಣಿಮೆಯ ಹೊತ್ತಿಗೆ ಮಳೆ ಹಿಡಿಯಿತು. ಹೊಳೆಯ ಕಡೆಯ ಒಂದು ಹಳ್ಳಿಯಿಂದ ಮುಂಜಾನೆಯೇ ಒಬ್ಬ ಓಡಿ ಬಂದ. ಹೆಂಡತಿಗೆ ನಿನ್ನೆಯಿಂದ ನೋವು, ಕೂಸು ಅಡ್ಡ ತಿರುಗಿದೆ. ಡಾಕ್ಟರ್ ಸಾಹೇಬರು, ನಾನೂ ಬಂದು ನಿಮ್ಮ ಸವಾರಿ ನೋಡುತ್ತೇನೆ ಎಂದು ಎತ್ತಿನ ಗಾಡಿ ಹೂಡಿಸಿದರು. ಆ ಗಾಡಿ ಊರ ಹೊರಗಿನ ಎರೆಹೊಲ ದಾಟುವುದರೊಳಗೆ ಅಚ್ಚಿನವರೆಗೆ ಹೂತುಹೋಯಿತು. "ನೀವು ನಡೀರಿ," ಎಂದು ಸಾಹೇಬರು ಗಾಡಿಯಿಂದಲೇ ಕೈ ಬೀಸಿದರು. ನಾನು ಹೊರಟೆ. ಕೆಸರಿನಲ್ಲಿ ಚಾಂದನಿ ಒಂದೊಂದೇ ಹೆಜ್ಜೆ ಕಿತ್ತಿಟ್ಟು ನನ್ನನ್ನು ಆ ಹಳ್ಳಿಯ ಬಾಗಿಲಿಗೆ ತಂದಳು. ಅಲ್ಲಿ ನೋಡಿದರೆ ಆ ಸಾಲಿನ ಕೊನೆಯ ಮುಹೂರ್ತದ ಮದುವೆ! ತಟ್ಟು ಕುದುರೆಯ ಮೇಲೆ ವರ, ಅವನ ಮುಂದೆ ಮಳೆಯಲ್ಲೇ ಹಲಗೆ.

ಚಾಂದನಿ ನಿಂತಳು, ಕಿವಿ ನಿಮಿರಿಸಿದಳು, ಮುಂಗಾಲೆತ್ತಿದಳು. ಓಣಿಯ ಕೊನೆಯಲ್ಲಿ ಒಬ್ಬಳು ಸಾಯುತ್ತಿದ್ದಾಳೆ, ಇವಳಿಗೆ ಕುಣಿತ. ಲಗಾಮು ಜಗ್ಗಬೇಕೆಂದು ಕೈ ತವಕಿಸಿತು. ಜಗ್ಗಿದ್ದರೆ ಆ ಜಾರುವ ಮಣ್ಣಿನಲ್ಲಿ ಇಬ್ಬರೂ ಬೀಳುತ್ತಿದ್ದೆವು. ನಾನು ಲಗಾಮು ಸಡಿಲಬಿಟ್ಟು, ನೆನೆದ ಸೆರಗು ಹಿಂಡಿ, ಅಂಚಿಗೆ ಅಂಚು ಕೂಡಿಸಿ ಮಡಚಿ ಸೊಂಟಕ್ಕೆ ಸಿಕ್ಕಿಸಿದೆ. ಅಷ್ಟು ಹೊತ್ತೂ ಅವಳು ವರನ ಮುಂದೆ ಕುಣಿದಳು. "ಯವ್ವಾ, ಈಕಿ ಸೂಲಗಿತ್ತಿನೋ ವರನ ಅಕ್ಕನೋ!" ಎಂದು ಜನ ಕೇಕೆ ಹಾಕಿದರು. ಒಂದು ಸುತ್ತು ಮುಗಿಯಿತು. ಹಿಮ್ಮಡಿ ಮೆಲ್ಲಗೆ ಒತ್ತಿ, "ಚಲ್ ಬೇಟಿ," ಎಂದೆ. ಚಾಂದನಿ ಹಲಗೆಯನ್ನು ಬಿಟ್ಟು, ಸಾಲು ಬಾಗಿಲುಗಳನ್ನು ಬಿಟ್ಟು, ನೇರ ಓಣಿಯ ಕೊನೆಗೆ ನಡೆದಳು.

ಮಧ್ಯಾಹ್ನ ಸಾಹೇಬರು ಮೊಣಕಾಲವರೆಗೆ ಕೆಸರು ಮಾಡಿಕೊಂಡು ನಡೆದೇ ಬಂದಾಗ ನಾನು ಕೂಸನ್ನು ಒಳಗೇ ತಿರುಗಿಸಿ ಹೆರಿಗೆ ಮಾಡಿಸಿ, ಕೂಸಿಗೆ ಎರೆದು ತಾಯಿಯ ಮಗ್ಗುಲಲ್ಲಿ ಮಲಗಿಸಿದ್ದೆ. ತಾಯಿ ಗಂಜಿ ಕುಡಿಯುತ್ತಿದ್ದಳು. ಸಾಹೇಬರು ಇಬ್ಬರ ನಾಡಿ ನೋಡಿದರು, ಹೊರಗೆ ಕಟ್ಟಿದ್ದ ಚಾಂದನಿಯನ್ನು ನೋಡಿದರು. ಕಂಪೌಂಡರನ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ. ಆ ಮಳೆಗಾಲದಲ್ಲೇ ನನ್ನ ನೌಕರಿ ಪಕ್ಕಾ ಆಯಿತು.

ಸುದ್ದಿ ಹೇಳಲು ಹೋದರೆ ಉಸ್ತಾದರು ಕೂಸು ಗಂಡೋ ಹೆಣ್ಣೋ ಎಂದು ಕೇಳಲಿಲ್ಲ. "ಕುಣಿಯೂವಾಗ ಲಗಾಮು ಜಗ್ಗಿದ್ರೇನ್ರಿ?" ಎಂದರು. ಇಲ್ಲವೆಂದೆ. ಮರುದಿನ ಪೇಟೆಯಲ್ಲಿ ಅವರ ಮಾತು ಕೇಳಬೇಕಿತ್ತು: "ನಾ ಕುದುರಿ ಹತ್ತಿಸಲಿಲ್ಲಂದ್ರ ಆ ಕೂಸು ಎಲ್ಲಿ ಹುಟ್ತಿತ್ತು?" ಅಂದಿನಿಂದ ನಾನು ಹಿಡಿದ ಕೂಸುಗಳ ಲೆಕ್ಕವೆಲ್ಲ ಅವರ ಖಾತೆಗೇ. ಅವರು ಹಾಗೆ ಹೇಳಿಕೊಳ್ಳುವುದನ್ನು ಕೇಳುವುದೇ ನನಗೊಂದು ಹೆಮ್ಮೆ. ಅಂಥವರ ಬಡಾಯಿಗೆ ವಸ್ತುವಾಗುವುದೂ ಎಲ್ಲರಿಗೂ ಸಿಗುವ ಮರ್ಯಾದೆಯಲ್ಲ.

ವರ್ಷಗಳು ಕಳೆದವು. ಚಾಂದನಿ ಒಂದು ಹೆಣ್ಣುಮರಿ ಹಾಕಿ, ಮುದಿಯಾಗಿ ತೀರಿದಳು. ಆ ಮರಿಯನ್ನು ಪಳಗಿಸುವ ಹೊತ್ತಿಗೆ ಉಸ್ತಾದರ ಎದೆಯಲ್ಲಿ ದಮ್ಮು ಸೇರಿಕೊಂಡಿತ್ತು. ನಾನೇ ಪಳಗಿಸಿದೆ. ಅವರು ಹೊರಸಿನ ಮೇಲೆ ಕೂತು ನೋಡುತ್ತ, ಕೆಮ್ಮುತ್ತ, "ಗಾಡಿದ" ಎನ್ನುತ್ತಿದ್ದರು.

ಒಂದು ಮುಂಜಾನೆ ಅವರಿಗೆ ಬಹಳ ಕಷ್ಟವಾಗಿದೆಯೆಂದು ಸುದ್ದಿ ಬಂತು. ಅದೇ ಗಳಿಗೆಗೆ ಹೊಳೆಯ ಕಡೆಯಿಂದ ಹೆರಿಗೆಗೂ ಕರೆ ಬಂತು. ದಾರಿ ಇರುವುದು ಅವರ ಮನೆಯ ಮುಂದೆಯೇ. ನಾನು ನಿಲ್ಲಲಿಲ್ಲ. ಕಣ್ಣು ತುಂಬಿ ಬಂದಿತ್ತು, ಆದರೂ ಚಾಂದನಿಯ ಮಗಳನ್ನು ದೌಡಾಯಿಸಿಕೊಂಡು ಹೋದೆ. ಇದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ನಿಂತಿದ್ದರೆ ಅವರೇ ಬೈಯುತ್ತಿದ್ದರು. ನಾನು ಮರಳುವುದರೊಳಗೆ ಅವರು ಹೋಗಿದ್ದರು.

ಅವರ ಮಗಳು ನನ್ನ ಕೈ ಹಿಡಿದು ಹೇಳಿದಳು. ಕುದುರೆಯ ಗೊರಸಿನ ಟಾಪು ಕೇಳಿ ಅಪ್ಪ ಕಣ್ಣು ತೆರೆದರಂತೆ. "ನಿಮ್ಮ ಅಮ್ಮಾರು ಹೊಂಟಾರ, ಕರೀಲೇನಪ್ಪಾ?" ಎಂದು ಇವಳು ಎದ್ದಿದ್ದಾಳೆ. ಅವರು ಬೇಡವೆಂದು ಕೈಯಾಡಿಸಿ, ಸದ್ದು ಅಗಸಿ ದಾಟುವವರೆಗೂ ಕಿವಿಗೊಟ್ಟು ಕೇಳಿದ್ದಾರೆ.

"ಆ ಕುದುರಿ ನಾ ಪಳಗಿಸಿದ್ದಲ್ಲ," ಅಂದರಂತೆ. "ಆ ಸವಾರಿನೂ ನಂದಲ್ಲ. ಎರಡೂ ಆಕೀದು."

ಊರಿನ ಕೀರ್ತಿಯನ್ನೆಲ್ಲ ತನ್ನದೆಂದು ಹೇಳಿಕೊಂಡು ಬದುಕಿದ ಮನುಷ್ಯ ಹೋಗುವಾಗ ಇಷ್ಟನ್ನು ನನಗೆ ಬಿಟ್ಟುಕೊಟ್ಟರು. ಆಮೇಲೆ ಎಷ್ಟೋ ಜನಕ್ಕೆ ನಾನೂ ಕುದುರೆ ಹತ್ತಲು ಕಲಿಸಿದೆ. ಸವಾರಿ ಯಾರದು ಎಂದು ಕೇಳಿದವರಿಗೆಲ್ಲ ಉಸ್ತಾದರದು ಎಂದೇ ಹೇಳಿದ್ದೇನೆ. ಗುರುವಿನ ಮಾತು ಮೀರಬಾರದು ಅನ್ನುತ್ತಾರೆ. ಈ ಒಂದು ಮಾತನ್ನು ಮಾತ್ರ ನಾನು ಇವತ್ತಿಗೂ ಮೀರುತ್ತಲೇ ಬಂದಿದ್ದೇನೆ.