ಮಾವನ ದೋಣಿಗೆ ತಿಮ್ಮರಾಯಪ್ಪನವರು ಗಾರೆ ಹಾಕಿಸಿದ್ದು

ಸುದ್ದಗುಂಟೆಪಾಳ್ಯದಲ್ಲಿ ಯಾರ ಮನೆಯ ಗೋಡೆಯಲ್ಲಿ ತೇವ ಕಾಣಿಸಿದರೂ ಮೊದಲ ಫೋನು ಹೋಗುವುದು ತಿಮ್ಮರಾಯಪ್ಪನವರಿಗೆ. ಅವರೇನೂ ಇಂಜಿನಿಯರಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ನಾಲ್ಕು ಅಂತಸ್ತು ಎಬ್ಬಿಸಿ, ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟು, ಕೆಳಗಡೆ ತಾವಿರುವ ಓನರ್. ಆದರೆ ಆ ಕಟ್ಟಡ ಕಟ್ಟಿದಂದಿನಿಂದ ಒಂದು ತೊಟ್ಟೂ ಸೋರಿಲ್ಲ. ಈ ಸಾಧನೆಯನ್ನು ಅವರು ಮಗಳ ಮದುವೆಗಿಂತ ಹೆಚ್ಚು ಸಲ ಪ್ರಸ್ತಾಪಿಸುತ್ತಾರೆ. ಒದ್ದೆ ಗೋಡೆಯ ಮುಂದೆ ನಿಂತು, ಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಣ್ಣು ಮುಚ್ಚಿ ಕೇಳಿಸಿಕೊಳ್ಳುವ ಅವರ ಭಂಗಿ ನೋಡಿದರೆ, ಗೋಡೆ ತನ್ನ ಕಷ್ಟವನ್ನು ಬೇರೆ ಯಾರಿಗೂ ಹೇಳುವುದಿಲ್ಲ ಅನ್ನಿಸಬೇಕು.

ಅವರ ಹೆಂಡತಿ ಅಂಜನಮ್ಮ ಗಂಡನನ್ನು ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಕಡಿಮೆ. ಕಳೆದ ಬೇಸಿಗೆಯಲ್ಲಿ ಒಂದು ಕೇಳಿದರು. ತಲಘಟ್ಟಪುರದಾಚೆ ಅವರ ತವರಿನ ಜಮೀನಿನಲ್ಲಿ, ಹೊಂಗೆ ಮರದಡಿ, ಅವರಪ್ಪ ಚಿಕ್ಕಮುನಿಯಪ್ಪನವರ ಹಲಗೆ ದೋಣಿಯೊಂದು ಬೋರಲು ಬಿದ್ದಿತ್ತು. ಚಿಕ್ಕಮುನಿಯಪ್ಪನವರು ಊರ ಕೆರೆಯ ಮೀನು ಹರಾಜು ಹಿಡಿಯುತ್ತಿದ್ದ ಕಾಲದ್ದು. ಅವರು ಹೋದ ಮೇಲೆ ಅದು ನೀರು ಕಂಡಿಲ್ಲ. ಈಗ ಅಂಜನಮ್ಮನ ತಮ್ಮ ಮುನಿರಾಜು ಆ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಿಸುವವನಿದ್ದ. ದೋಣಿಯನ್ನು ಸೌದೆಗೆ ಒಡೆಸುತ್ತೇನೆ ಎಂದು ಫೋನಿನಲ್ಲಿ ಹೇಳಿದ. ಅಂಜನಮ್ಮನಿಗೆ ಬೇಕಾಗಿದ್ದುದು ಇಷ್ಟೇ: ಅದು ಇನ್ನೊಂದು ಸಲ ಕೆರೆಗೆ ಇಳಿಯಬೇಕು, ಅದರಲ್ಲಿ ತಾವು ಒಂದು ಸಲ ಕೂರಬೇಕು. ಆಮೇಲೆ ಸೌದೆಯಾದರೂ ಆಗಲಿ.

ತಿಮ್ಮರಾಯಪ್ಪನವರು ಆ ಮಾತಿನಲ್ಲಿ ಅಪ್ಪನನ್ನೂ ಕೇಳಿಸಿಕೊಳ್ಳಲಿಲ್ಲ, ಮಗಳನ್ನೂ ಕೇಳಿಸಿಕೊಳ್ಳಲಿಲ್ಲ. ಅವರಿಗೆ ಕೇಳಿಸಿದ್ದು ಸೋರುವ ವಸ್ತು ಒಂದಿದೆ ಎಂಬುದು. ‘ನಂಗೆ ಬಿಡು’ ಎಂದರು.

ದೋಣಿ ಟೆಂಪೋದಲ್ಲಿ ಬಂದು ಕಟ್ಟಡದ ಕೆಳಗಿನ ಪಾರ್ಕಿಂಗಿನಲ್ಲಿ ಇಳಿಯಿತು. ಅಲ್ಲಿ ಕಾರು ನಿಲ್ಲಿಸುತ್ತಿದ್ದವನು ಎರಡನೇ ಮಹಡಿಯ ಬಾಡಿಗೆದಾರ ಕೈಲಾಸ್. ದಾವಣಗೆರೆ ಕಡೆಯವನು, ಖಾಸಗಿ ಬ್ಯಾಂಕಿನಲ್ಲಿ ಕೆಲಸ. ಅವನು ಬಂದು, ಕಾರು ಎಲ್ಲಿ ಹಾಕಲಿ ಅಂಕಲ್ ಎಂದು ಮೆತ್ತಗೆ ಕೇಳಿದ.

‘ನಿನ್ ಕಾರಿಗೆ ಚಕ್ರ ಇದೆಯಲ್ಲಪ್ಪ, ಎಲ್ಲಿ ಬೇಕಾದ್ರೂ ಹೋಗುತ್ತೆ. ಇದಕ್ಕಿಲ್ಲ’ ಎಂದರು ತಿಮ್ಮರಾಯಪ್ಪನವರು.

ಕೈಲಾಸ್ ಕಾರನ್ನು ಎದುರಿನ ರಸ್ತೆಗೆ ಒಯ್ದ.

ಮರುದಿನ ಬೆಳಗ್ಗೆ ಪರೀಕ್ಷೆ ನಡೆಯಿತು. ಬಾಡಿಗೆದಾರರಲ್ಲಿ ಬಿಡುವಿದ್ದವರೆಲ್ಲ ಸುತ್ತ ನಿಂತಿದ್ದರು. ವರ್ಷಗಟ್ಟಲೆ ಒಣಗಿದ ಹಲಗೆಗಳು ಸೊರಗಿ, ಒಂದಕ್ಕೊಂದು ಕೈ ಬಿಟ್ಟು ದೂರ ಸರಿದಿದ್ದವು. ಸಂದಿನಿಂದ ಬೆಳಕು ಬರುತ್ತಿತ್ತು. ತಿಮ್ಮರಾಯಪ್ಪನವರು ಗೆಣ್ಣಿನಿಂದ ತಟ್ಟಿದರು, ಕಣ್ಣು ಮುಚ್ಚಿದರು. ಆಗ ಅಂಜನಮ್ಮ, ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡೇ, ತಮ್ಮಪ್ಪ ಇಂಥದಕ್ಕೆ ದೋಣಿಯನ್ನು ಕೆರೆಯ ಅಂಚಿನಲ್ಲಿ ಮುಳುಗಿಸಿ ಬಿಡುತ್ತಿದ್ದರು, ಮರ ನೀರು ಕುಡಿದು ಉಬ್ಬಿದರೆ ಸಂದೆಲ್ಲ ತಾನಾಗಿ ಮುಚ್ಚಿಕೊಳ್ಳುತ್ತಿತ್ತು ಎಂದರು.

ತಿಮ್ಮರಾಯಪ್ಪನವರು ಕಣ್ಣು ತೆರೆದು ಸಭೆಯನ್ನು ನೋಡಿದರು. ‘ಕೇಳಿದ್ರಾ? ಸೋರೋ ದೋಣೀನ ಮುಳುಗಿಸಿ ರಿಪೇರಿ ಮಾಡೋದಂತೆ. ನಮ್ಮ ಮಾವ ಒಬ್ರೇ ಸೈಂಟಿಸ್ಟು.’

ಎಲ್ಲರೂ ನಕ್ಕರು. ಓನರ್ ಜೋಕು ಮಾಡಿದಾಗ ಬಾಡಿಗೆದಾರರು ನಗಬೇಕೆಂದು ಅಗ್ರಿಮೆಂಟಿನಲ್ಲಿ ಬರೆದಿರುವುದಿಲ್ಲ, ಅಷ್ಟೇ. ಅಂಜನಮ್ಮ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಒಳಗೆ ಹೋದರು. ಕುಕ್ಕರ್ ಕೂಗಿರಬೇಕು ಎಂದುಕೊಂಡರು ತಿಮ್ಮರಾಯಪ್ಪನವರು. ಕುಕ್ಕರ್ ಕೂಗಿರಲಿಲ್ಲ.

ಅವರ ಹಳೆಯ ಗಾರೆ ಮೇಸ್ತ್ರಿ ತಿಪ್ಪಣ್ಣ ಬಂದ. ಓನರ್ ಏನು ಹೇಳಿದರೂ ‘ನೀವು ಹೇಳಿದ್ಮೇಲೆ ಮುಗೀತು ಬಿಡಿ ಸಾರ್’ ಎನ್ನುವುದು ಅವನ ಪದ್ಧತಿ. ಈ ಗುಣದಿಂದಲೇ ಅವನಿಗೆ ಇಪ್ಪತ್ತು ವರ್ಷ ಅಲ್ಲಿ ಕೆಲಸ ಸಿಕ್ಕಿದೆ. ಮನೆಯ ನೀರಿನ ಸಂಪ್‌ಗೆ ಏನು ಮಾಡಿದ್ದರೋ ದೋಣಿಗೂ ಅದನ್ನೇ ಮಾಡಿದರು. ಸಂದುಗಳನ್ನು ಉಳಿಯಿಂದ ಅಗಲ ಮಾಡಿ ಸಿಮೆಂಟು ತುಂಬಿದರು. ಒಳಗೂ ಹೊರಗೂ ತಂತಿಬಲೆ ಹೊಡೆದು, ವಾಟರ್‌ಪ್ರೂಫ್ ಪುಡಿ ಬೆರೆಸಿದ ಗಾರೆ ಬಳಿದರು. ಗೋಣಿಚೀಲ ಹೊದಿಸಿ ಬೆಳಗ್ಗೆ ಸಂಜೆ ನೀರು ಹಾಕಿದರು. ದೃಷ್ಟಿಯಾಗದಂತೆ, ಕಟ್ಟುವ ಮನೆಗೆ ನೇತುಹಾಕುವ ಕೋರೆಹಲ್ಲಿನ ರಾಕ್ಷಸನ ಮುಖವನ್ನು ದೋಣಿಯ ಮೂತಿಗೆ ಕಟ್ಟಿದರು. ಕೊನೆಗೆ ಪೈಪು ಹಿಡಿದು ದೋಣಿಯ ತುಂಬ ನೀರು ನಿಲ್ಲಿಸಿದರು. ಒಂದು ಹನಿ ಹೊರಗೆ ಬರಲಿಲ್ಲ. ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನದು ಒಳಗೆ ಬರುವುದಿಲ್ಲ ಎಂದು ತಿಮ್ಮರಾಯಪ್ಪನವರು ಕೈಲಾಸನಿಗೆ ತಿಳಿಸಿ ಹೇಳಿದರು.

ಅಂಜನಮ್ಮ ಒಂದೇ ಒಂದು ಕೇಳಿದರು. ಅಪ್ಪನೂ ಒಬ್ಬ ಆಳೂ ಸೇರಿ ಎತ್ತುತ್ತಿದ್ದ ದೋಣಿ, ಈಗ ತಿಪ್ಪಣ್ಣನ ಕಡೆಯವರೆಲ್ಲ ಸೇರಿದರೂ ಅಲುಗುತ್ತಿಲ್ಲವಲ್ಲ? ಭಾರ ಇದ್ದರೇ ಬಾಳಿಕೆ ಎಂದರು ಇವರು. ಅದಕ್ಕೆ ಸಾಕ್ಷಿಯಾಗಿ ಒಂದು ಗ್ರಾನೈಟ್ ಫಲಕವೂ ಸೇರಿಕೊಂಡಿತು: ‘ಟಿ. ತಿಮ್ಮರಾಯಪ್ಪ ಮತ್ತು ಕುಟುಂಬ’. ಚಿಕ್ಕಮುನಿಯಪ್ಪನವರ ಮಗಳು ‘ಕುಟುಂಬ’ದೊಳಗೆ ಇದ್ದರು.

ಆಗ ಕೆರೆಯ ಹರಾಜು ಹಿಡಿದಿದ್ದವನು ಮುನಿರಾಜುವಿಗೆ ಪರಿಚಯ. ಒಂದು ಭಾನುವಾರ ಬೆಳಗ್ಗೆ ಇಳಿಸಿಕೊಳ್ಳಿ ಎಂದ. ವಾಟ್ಸಾಪಿನಲ್ಲಿ ಆಹ್ವಾನ ಹೋಯಿತು. ನೆಂಟರು ಬಂದರು, ಬಾಡಿಗೆದಾರರು ಬಂದರು, ಕೈಲಾಸನೂ ಮುಖದಾಕ್ಷಿಣ್ಯಕ್ಕೆ ಹೆಂಡತಿ ಶ್ರೀದೇವಿಯನ್ನು ಕರೆದುಕೊಂಡು ಬಂದ. ಗಂಗೆಪೂಜೆಯಾಯಿತು, ಬೂದುಗುಂಬಳ ಒಡೆಯಿತು. ಅಂಜನಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಚಪ್ಪಲಿ ಬಿಟ್ಟು, ನೀರಿನ ಅಂಚಿಗೆ ಬಂದು ನಿಂತರು. ಆ ಹೊತ್ತಿಗೆ ತಿಮ್ಮರಾಯಪ್ಪನವರು ಹೊಸ ಪಂಚೆ ಸರಿಮಾಡಿಕೊಂಡು ದೋಣಿ ಹತ್ತಿ ಕೂತಾಗಿತ್ತು. ಗೃಹಪ್ರವೇಶದಲ್ಲಿ ಮೊದಲು ಯಜಮಾನ ತಾನೆ?

ಹತ್ತು ಜನ ತಳ್ಳಿದರು. ದೋಣಿ ತೇಲಿತು. ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಆದರೆ ಮನೆ ಅಲುಗಬಾರದು, ದೋಣಿಗೆ ಅಲುಗುವುದೇ ಕೆಲಸ. ತಿಮ್ಮರಾಯಪ್ಪನವರು ಫೋಟೋಗೆಂದು ಸ್ವಲ್ಪ ಈ ಕಡೆ ತಿರುಗಿದ್ದೇ ತಡ, ಕಾಲಡಿಯಲ್ಲಿ ಹಪ್ಪಳ ಮುರಿದಂಥ ಸದ್ದಾಯಿತು. ಗಾರೆ ಬಿರಿಯಿತು. ದೋಣಿ ಗಡಿಬಿಡಿ ಮಾಡಲಿಲ್ಲ, ವಾಲಲಿಲ್ಲ. ಕೂತ ಯಜಮಾನರ ಸಮೇತ ನೆಟ್ಟಗೆ, ಲಿಫ್ಟಿನ ಹಾಗೆ, ಕೆಳಗೆ ಹೋಗಿ ಕೆಸರಿನ ಮೇಲೆ ನಿಂತಿತು. ನೀರು ಅವರ ಎದೆಯವರೆಗೆ ಬಂದು ನಿಂತಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು. ಅವರು ಎದ್ದು ಕೆಸರಿನಲ್ಲಿ ಕಾಲು ಕಿತ್ತಿಡುತ್ತಾ ದಡಕ್ಕೆ ಬರುವಷ್ಟರಲ್ಲಿ ಎಲ್ಲರಿಗೂ ಫೋನಿನಲ್ಲಿ ಏನೋ ನೋಡುವುದಿತ್ತು. ಅಂಜನಮ್ಮ ಮಾತ್ರ ಅವರನ್ನು ದಾಟಿ, ದೋಣಿ ಮುಳುಗಿದ ಕಡೆ ನೋಡುತ್ತಿದ್ದರು. ಆಗಷ್ಟೇ ತಿಮ್ಮರಾಯಪ್ಪನವರಿಗೆ ಹೆಂಡತಿ ಬರಿಗಾಲಲ್ಲಿ ನಿಂತಿರುವುದು ಕಾಣಿಸಿತು. ಯಾಕೆ ಚಪ್ಪಲಿ ಬಿಟ್ಟಿದ್ದರು ಎಂಬುದೂ ಹೊಳೆಯಿತು.

ಆ ವಾರ ಬಾಡಿಗೆದಾರರ ವಾಟ್ಸಾಪ್ ಗುಂಪಿನಲ್ಲಿ ಒಂದು ಜೋಕೂ ಬರಲಿಲ್ಲ. ಅಷ್ಟು ಮರ್ಯಾದೆಯನ್ನು ತಡೆದುಕೊಳ್ಳುವುದು ತಿಮ್ಮರಾಯಪ್ಪನವರಿಗೆ ಕಷ್ಟವಾಯಿತು. ಹಿಂದಿನ ಬೀದಿಯವರು ಬಚ್ಚಲ ಗೋಡೆ ಒದ್ದೆಯಾಗಿದೆ ಎಂದು ಫೋನು ಮಾಡಿದರೆ, ಗೊತ್ತಿರುವವರನ್ನು ಯಾರನ್ನಾದರೂ ಕರೆಯಿರಿ ಎಂದು ಇಟ್ಟುಬಿಟ್ಟರು. ಮನೆಯಲ್ಲಿ ಅಂಜನಮ್ಮ ಎಂದಿನಂತೆ ಬಡಿಸುತ್ತಿದ್ದರು, ಎಂದಿನ ದನಿಯಲ್ಲೇ ಇನ್ನೊಂದು ಮುದ್ದೆ ಹಾಕಲೇ ಎಂದು ಕೇಳುತ್ತಿದ್ದರು. ಬೈಗುಳಕ್ಕೆ ಕಾದು ಕಾದು, ಕಡೆಗೊಂದು ದಿನ ಊಟದ ನಡುವೆ ತಿಮ್ಮರಾಯಪ್ಪನವರೇ ಬಾಯಿಬಿಟ್ಟರು. ತಿಪ್ಪಣ್ಣ ಕಲಸಿದ್ದು ಸರಿಯಿರಲಿಲ್ಲ, ಮರಳು ಜಾಸ್ತಿಯಾಯಿತು ಎಂದರು.

ಅಂಜನಮ್ಮ ಸಾರಿನ ಸೌಟನ್ನು ಪಾತ್ರೆಯಲ್ಲಿಟ್ಟರು.

‘ತಿಪ್ಪಣ್ಣ ಏನೂ ನಮ್ಮಪ್ಪನ್ನ ಆಡ್ಕೊಂಡು ನಗ್ಲಿಲ್ಲ’ ಎಂದರು.

ಅಷ್ಟೇ. ತಿಮ್ಮರಾಯಪ್ಪನವರು ಮುದ್ದೆಯನ್ನು ಅರ್ಧಕ್ಕೆ ಬಿಟ್ಟು ಎದ್ದು ಕೈ ತೊಳೆದರು.

ಮಾರನೆಯ ದಿನ ಅವರು ಚೀಲದಲ್ಲಿ ಉಳಿ ಸುತ್ತಿಗೆ ಇಟ್ಟುಕೊಂಡು, ಯಾರಿಗೂ ಹೇಳದೆ ಮೆಟ್ರೋ ಹತ್ತಲು ಹೋದರು. ಸ್ಕ್ಯಾನರಿನ ಹತ್ತಿರ ಚೀಲ ನಿಂತಿತು. ಏನಕ್ಕೆ ಸಾರ್ ಇದೆಲ್ಲ ಎಂದು ಸೆಕ್ಯುರಿಟಿಯವಳು ಕೇಳಿದಳು. ಹಿಂದೆ ಆಫೀಸಿಗೆ ಹೋಗುವವರ ಸಾಲು ಬೆಳೆಯುತ್ತಿತ್ತು. ದೋಣಿಗೆ ಹಾಕಿದ ಸಿಮೆಂಟು ಕೀಳುವುದಕ್ಕೆ ಎಂದು ಅವರು ನಿಜವನ್ನೇ ಹೇಳಿದರು. ಅವಳು ಅಪನಂಬಿಕೆಯಿಂದಲ್ಲ, ಕುತೂಹಲದಿಂದಲೇ ಇನ್ನೊಬ್ಬನನ್ನು ಕರೆದು, ಇವನಿಗೂ ಒಂಚೂರು ಹೇಳಿ ಸಾರ್ ಎಂದಳು. ಹೇಳಿದರು. ಒಳಗೆ ಬಿಟ್ಟರು. ಮೆಟ್ರೋ ಇಳಿದ ಮೇಲೆ ಕನಕಪುರ ರಸ್ತೆಯ ಬಸ್ಸು ಹಿಡಿದರು.

ಹೀಗೆ ದಿನಾ ಹೋದರು. ಮುನಿರಾಜು ಆಳುಗಳನ್ನು ಕಳಿಸಿ ದೋಣಿಯನ್ನು ಮಂಡಿಯುದ್ದ ನೀರಿಗೆ ಎಳೆಸಿಕೊಟ್ಟಿದ್ದ. ತಿಮ್ಮರಾಯಪ್ಪನವರು ಪಂಚೆ ಎತ್ತಿಕಟ್ಟಿ ಅದರಲ್ಲಿ ನಿಂತು, ತಾವೇ ಹಾಕಿಸಿದ್ದನ್ನು ತಾವೇ ಕೆತ್ತಿದರು. ಮೀನು ಹಿಡಿಯುವವರು ದಡದಲ್ಲಿ ಬೀಡಿ ಸೇದುತ್ತಾ ನೋಡುತ್ತಿದ್ದರು. ಗಾರೆಯ ಜೊತೆ ಅಲ್ಲಲ್ಲಿ ಹಲಗೆಯ ಅಂಚೂ ಎದ್ದು ಬಂತು. ಎದ್ದು ಬಂದ ಮರದ ಪ್ರತಿ ಚಕ್ಕೆಯನ್ನೂ ಅವರು ಪಂಚೆಗೆ ಒರೆಸಿ ಚೀಲದಲ್ಲಿ ಹಾಕಿಕೊಂಡರು, ಯಾವ ಉಪಯೋಗಕ್ಕೆ ಎಂದು ಗೊತ್ತಿಲ್ಲದೆಯೇ. ಗ್ರಾನೈಟ್ ಫಲಕವನ್ನು ಮಾತ್ರ ಕಿತ್ತ ಕೂಡಲೇ ಬೋರಲು ಹಾಕಿದರು.

ಸಿಮೆಂಟು ಹೋದ ಮೇಲೆ ಅಂಜನಮ್ಮ ತಾವೇ ಬಂದರು. ದೋಣಿ ಹದಿನೈದು ದಿನ ಅಲ್ಲೇ ಮುಳುಗಿಕೊಂಡಿರಲಿ ಎಂದರು, ಇತ್ತು. ಹಲಗೆಗಳು ಉಬ್ಬಿ ಒಂದನ್ನೊಂದು ಒತ್ತಿಕೊಂಡವು. ಉಳಿ ತಿಂದ ಜಾಗಗಳು ಮಾತ್ರ ಮುಚ್ಚಿಕೊಳ್ಳಲಿಲ್ಲ. ದೋಣಿಯನ್ನು ದಡಕ್ಕೆ ಎಳೆಸಿ, ಅಲ್ಲಿಗೆ ಅಂಜನಮ್ಮ ಹಳೆ ಸೀರೆ ಹರಿದು, ಡಾಂಬರಿನಲ್ಲಿ ಅದ್ದಿ ತುರುಕಿದರು. ಡಾಂಬರು ಕಾಯಿಸುವ ಕೆಲಸ ತಿಮ್ಮರಾಯಪ್ಪನವರದು. ಎಷ್ಟು ಕಾಯಬೇಕೆಂದು ಅವರು ಪ್ರತಿ ಸಲವೂ ಹೆಂಡತಿಯನ್ನು ಕೇಳಿದರು.

ಇಳಿಸುವ ದಿನ ಯಾರಿಗೂ ಆಹ್ವಾನವಿರಲಿಲ್ಲ. ಮುನಿರಾಜು ಹಿಡಿದುಕೊಂಡ, ಅಂಜನಮ್ಮ ಹತ್ತಿ ಕೂತು ಹುಟ್ಟು ಕೈಗೆ ತೆಗೆದುಕೊಂಡರು. ತಿಮ್ಮರಾಯಪ್ಪನವರು ದೂರದಲ್ಲಿ, ಮರದ ಪಕ್ಕ, ಬೇರೆ ಯಾರದೋ ಮನೆಯ ಕಾರ್ಯಕ್ಕೆ ಬಂದವರಂತೆ ನಿಂತಿದ್ದರು.

‘ಅಲ್ಲೇನ್ ನಿಂತಿದೀರ, ಬನ್ನಿ. ನೀರು ಎತ್ತಿ ಹಾಕಕ್ಕೆ ಒಬ್ರು ಬೇಕು’ ಎಂದರು ಅಂಜನಮ್ಮ.

‘ಇನ್ನೂ ಸೋರುತ್ತಾ?’

‘ದೋಣಿ ಅಂದ್ಮೇಲೆ ಒಂಚೂರು ಸೋರುತ್ತೆ ಕಣ್ರೀ. ಅಪ್ಪ ನನ್ನ ಕರ್ಕೊಂಡು ಹೋಗ್ತಿದ್ದಿದ್ದೇ ಅದಕ್ಕೆ.’

ಮುನಿರಾಜು ಒಂದು ಬಚ್ಚಲಮನೆಯ ಪ್ಲಾಸ್ಟಿಕ್ ಮಗ್ಗು ಕೊಟ್ಟ. ದೋಣಿ ದಡ ಬಿಟ್ಟಿತು. ಅಂಜನಮ್ಮ ಹುಟ್ಟು ಹಾಕುವ ರೀತಿ ಗಂಡನಿಗೆ ಹೊಸದು. ಭುಜ ಎಲ್ಲಿ ತಿರುಗಬೇಕೋ ಅಲ್ಲಿ ತಾನಾಗಿ ತಿರುಗುತ್ತಿತ್ತು.  ಕೆರೆಯ ನಡುವೆ ಹೋದ ಮೇಲೆ ಹುಟ್ಟು ಎತ್ತಿಟ್ಟು ಕೂತರು.

ಎದುರಿಗಿದ್ದ ತಿಮ್ಮರಾಯಪ್ಪನವರಿಗೆ ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ಅವರಿಗೆ ಕಾಣುತ್ತಿದ್ದುದು ಆಕೆಯ ಪಾದಗಳಷ್ಟೇ, ಅವುಗಳ ಸುತ್ತ ಡಾಂಬರು ಸೀರೆಯ ಸಂದಿನಿಂದ ಏರುತ್ತಿದ್ದ ನೀರಷ್ಟೇ. ಅದು ಕಾಲುಂಗುರ ಮುಟ್ಟುವ ಮೊದಲೇ ಮಗ್ಗಿನಲ್ಲಿ ಬಳಿದು ಆಚೆ ಚೆಲ್ಲುತ್ತಿದ್ದರು. ಮತ್ತೆ ಏರುತ್ತಿತ್ತು, ಮತ್ತೆ ಚೆಲ್ಲುತ್ತಿದ್ದರು. ಸಾಕಾ, ವಾಪಸ್ ಹೋಗೋಣವಾ ಎಂದು ಅವರು ಕೇಳಲಿಲ್ಲ.