ಸುಸ್ವಾಗತಕ್ಕೆ ಉದುರಿದ ಹಲ್ಲು

‘ಸಮಸ್ತ ಸಭಿಕರಿಗೆ ಸುಸ್ವಾಗತ’ ಎನ್ನಬೇಕಿತ್ತು ನಮ್ಮ ಯಜಮಾನರು. ‘ಸಮಸ್ತ’ ಎಂದರು, ಮೈಕನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು. ಅದು ಹಲ್ಲಿಗೆ ಮೆಲ್ಲಗೆ ತಾಗಿತು, ಅಷ್ಟೇ. ಮುಂದಿನ ಹಲ್ಲಿನ ತುಂಡು ವೇದಿಕೆಯ ಮೇಲೆ ಬಿತ್ತು.

ಬಸವೇಶ್ವರನಗರದ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ನಿರೂಪಣೆ ಯಾವಾಗಲೂ ಸಂಘದ ಸೆಕ್ರೆಟರಿಯವರದೇ. ಇವರಿಗೆ ವರ್ಷಗಳಿಂದ ಆ ಮೈಕಿನ ಮೇಲೆ ಕಣ್ಣು. ಈ ಸಲ ಸೆಕ್ರೆಟರಿ ‘ನೀವೇ ಮಾಡಿ ಸಾರ್’ ಎಂದುಬಿಟ್ಟರು. ಇವರು ಕೂಡಲೇ ರೇಷ್ಮೆ ಪಂಚೆ ತಂದರು. ಹಲ್ಲು ಅದಕ್ಕೆ ಮ್ಯಾಚ್ ಆಗಲಿಲ್ಲವಂತೆ! ರಾಜಾಜಿನಗರದ ಡೆಂಟಿಸ್ಟ್ ಹತ್ತಿರ ಬ್ಲೀಚಿಂಗ್ ಮಾಡಿಸಿದರು. (ಅಲ್ಲಿಯವರೆಗೆ ಬ್ಲೀಚಿಂಗ್ ಎಂದರೆ ನನಗೆ ಚರಂಡಿಗೆ ಹಾಕುವ ಪೌಡರ್.)

ಹಲ್ಲೇನೋ ಬೆಳ್ಳಗಾಯಿತು. ಆದರೆ ಮುಂದಿನ ಹಲ್ಲಿನ ಮುರಿದ ಮೂಲೆಗೆ ಹಿಂದೆಂದೋ ಮಾಡಿಸಿದ್ದ ಫಿಲ್ಲಿಂಗ್ ಹಳದಿಯಾಗಿಯೇ ಉಳಿಯಿತು. ಬ್ಲೀಚ್‌ಗೆ ಬಿಳಿಯಾಗುವುದು ಹಲ್ಲು, ಫಿಲ್ಲಿಂಗ್ ಅಲ್ಲ.

‘ಇದನ್ನ ಇವತ್ತೇ ಬದಲಾಯಿಸ್ಬಿಡಿ ಡಾಕ್ಟ್ರೇ’ ಎಂದರು ಇವರು.

‘ಆಗಲ್ಲ ಸಾರ್. ಬ್ಲೀಚ್ ಮಾಡಿದ ಹಲ್ಲಲ್ಲಿ ಆಕ್ಸಿಜನ್ ಉಳ್ಕೊಂಡಿರತ್ತೆ. ಅದು ಅಂಟನ್ನ ಗಟ್ಟಿಯಾಗೋಕೆ ಬಿಡಲ್ಲ. ಎರಡು ವಾರ ಬಿಟ್ಟು ಬನ್ನಿ’ ಎಂದರು ಡಾಕ್ಟರಮ್ಮ.

‘ಅಷ್ಟೊತ್ತಿಗೆ ಶಾಮಿಯಾನಾನೇ ಬಿಚ್ಚಿರ್ತಾರಲ್ಲಮ್ಮ!’

‘ಹಾಗಾದ್ರೆ ಹಳೇದೇ ಇರ್ಲಿ ಬಿಡಿ ಸಾರ್. ಗಟ್ಟಿ ಇದೆ.’

‘ರಾಜ್ಯೋತ್ಸವ ತಾನೇ? ಹಳದಿ ಇದೆ, ಎಲೆಅಡಿಕೆ ಹಾಕ್ಕೊಂಡ್ರೆ ಕೆಂಪೂ ಬರತ್ತೆ’ ಎಂದೆ ನಾನು.

ಮರುದಿನ ನನಗೂ ಹೇಳದೆ ವಿಜಯನಗರದ ಇನ್ನೊಂದು ಕ್ಲಿನಿಕ್ಕಿಗೆ ಹೋಗಿದ್ದಾರೆ. ಆ ಡಾಕ್ಟರ್ ಪಾಪ, ‘ಬ್ಲೀಚ್ ಏನಾದ್ರೂ ಮಾಡಿಸಿದ್ರಾ?’ ಎಂದು ಕೇಳಿದರಂತೆ. ‘ಇಲ್ಲ, ನಂದು ಹುಟ್ಟಿದಾಗಿಂದ ಇದೇ ಬಣ್ಣ’ ಎಂದರಂತೆ ಇವರು! ಹುಟ್ಟಿದಾಗ ಯಾರಿಗೆ ಹಲ್ಲಿರುತ್ತದೆ ಸ್ವಾಮಿ? ಡಾಕ್ಟರ್ ನಂಬಿ ಹಳೆಯದನ್ನು ತೆಗೆದು ಹೊಸ ಫಿಲ್ಲಿಂಗ್ ಅಂಟಿಸಿದರು.

ಅದೇ ವೇದಿಕೆಯ ಮೇಲೆ ಬಿದ್ದದ್ದು. ಮುಂದಿನ ಸಾಲಿನವರು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ? ಸೆಕ್ರೆಟರಿ ಮೇಲೆ ಬಂದು ‘ನೀವು ಕೂತ್ಕೊಳ್ಳಿ ಸಾರ್’ ಎಂದು ಮೈಕ್ ತೆಗೆದುಕೊಂಡರು. ಇವರು ಕೊನೆಯವರೆಗೂ ಬಾಯಿಗೆ ಕರ್ಚೀಫ್ ಹಿಡಿದು ಕೂತಿದ್ದರು. ನಾನು ನಗು ನಿಲ್ಲಿಸಿ, ಹೋಗಿ ಇವರ ಪಕ್ಕದಲ್ಲಿ ಕೂತೆ.

ನಮಗೆಲ್ಲ ಯಾಕಿಷ್ಟು ಆತುರ? ಗಾರೆ ಆರುವ ಮೊದಲೇ ಪೇಂಟ್, ಪೇಂಟ್ ಆರುವ ಮೊದಲೇ ಗೃಹಪ್ರವೇಶ. ಸಾಲದ್ದಕ್ಕೆ ಡಾಕ್ಟರಿಗೇ ಸುಳ್ಳು.

ಎರಡು ವಾರ ಕಳೆದ ಮೇಲೆ ರಾಜಾಜಿನಗರದ ಡಾಕ್ಟರಮ್ಮನೇ ಹೊಸ ಫಿಲ್ಲಿಂಗ್ ಮಾಡಿದ್ದಾರೆ. ಬಣ್ಣ ಹೊಂದಿದೆ, ಹಿಡಿತವೂ ಭದ್ರ. ಇವರು ಕನ್ನಡಿ ಮುಂದೆ ನಿಂತು ‘ಸಮಸ್ತ ಸಭಿಕರಿಗೆ ಸುಸ್ವಾಗತ’ ಎಂದು ಸ್ಪಷ್ಟವಾಗಿ ಹೇಳುತ್ತಾರೆ.

ಹಲ್ಲೇನೋ ಬಂತು, ಇನ್ನು ಮೈಕ್ ಕೊಡುವವರು ಯಾರು?