ತುದಿಗೆ ತುದಿ ಕಟ್ಟಿದ ತಂತಿ

ಕಂಡಕ್ಟರಮ್ಮ ಮೊದಲ ಸಲ ಬಾಗಿಲು ತಟ್ಟಿದಾಗ ಅಜ್ಜಿ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಬಗ್ಗಿ ನೋಡಿದರೆ ಕೆಳಗೆ ಹೆಗಲ ಮೇಲೆ ತಂತಿಯ ಸುರುಳಿ ಹೊತ್ತ ಹೆಂಗಸು.

"ನಿಮ್ಮ ತಾರಸಿ ಒಂದು ದಿನಕ್ಕೆ ಬೇಕಿತ್ತು, ಅಜ್ಜಿ."

"ಎತ್ಕೊಂಡು ಹೋಗ್ತೀಯೇನಮ್ಮ?"

"ಇಲ್ಲ, ವಾಪಸ್ ಇಲ್ಲೇ ಇಟ್ಟು ಹೋಗ್ತೀನಿ."

ಅವಳು ಬಸ್ಸಿನಲ್ಲಿ ಟಿಕೆಟ್ ಹರಿಯುವವಳು. ನಿಂತು ನಿಂತು ಒಂದು ಮಂಡಿ ಸವೆದಿತ್ತು. ಹಿಂದೊಮ್ಮೆ ಸೇತುವೆ ಮುಳುಗಿ, ಫೋನುಗಳೆಲ್ಲ ಸತ್ತು, ಅವಳ ಬಸ್ಸು ನೀರಿನ ನಡುವೆ ಸಿಕ್ಕಿಕೊಂಡಿತ್ತು. ಪ್ರಯಾಣಿಕನೊಬ್ಬ ತನ್ನ ಹ್ಯಾಮ್ ರೇಡಿಯೊದಲ್ಲಿ, ಹವ್ಯಾಸಿಗಳು ಫೋನಿಲ್ಲದೆ ದೂರಕ್ಕೆ ಮಾತಾಡುವ ಯಂತ್ರದಲ್ಲಿ, ಮಾತಾಡಿ ದೋಣಿ ತರಿಸಿದ. ಅಂದು ಹತ್ತಿದ ಹುಚ್ಚು ಇಳಿಯಲಿಲ್ಲ. ಪರೀಕ್ಷೆ ಬರೆದು ಪರವಾನಗಿ ಪಡೆದಳು. ಔಷಧದ ಅಂಗಡಿಯವನನ್ನೂ ಲೆಕ್ಕದ ಮೇಷ್ಟ್ರನ್ನೂ ಸೇರಿಸಿ ಸಂಘ ಕಟ್ಟಿದಳು. ಅಗ್ನಿಶಾಮಕ ದಳದ ಅಧಿಕಾರಿ ಒಂದೇ ಷರತ್ತು ಹಾಕಿದ್ದರು: ಮೈದಾನದಲ್ಲಿ ಮೂರು ರೇಡಿಯೊ ಒಟ್ಟಿಗೇ ನಡೆಸಿ ತೋರಿಸಿ, ತೋರಿಸಿದರೆ ಫೋನು ಕೈಕೊಟ್ಟ ದಿನ ನಿಮ್ಮನ್ನೇ ಕರೆಯುತ್ತೇವೆ.

ತೋರಿಸಬೇಕಾದ ದಿನ ಬೆಳಿಗ್ಗೆ, ಅಜ್ಜಿಯ ಮನೆ ಪಕ್ಕದ ಆ ಮೈದಾನದಲ್ಲಿ, ಮೂರು ಆಂಟೆನಾ ತಂತಿಗಳನ್ನೂ ಅಕ್ಕಪಕ್ಕದಲ್ಲಿ ಕಟ್ಟಿದರು. ಒಂದರ ತುದಿ ಅಜ್ಜಿಯ ತಾರಸಿಗೆ. ಔಷಧದ ಅಂಗಡಿಯವನು ಬಾಯಿ ತೆರೆದದ್ದೇ ತಡ, ಉಳಿದಿಬ್ಬರ ಕಿವಿಯಲ್ಲಿ ಬರೀ ಗರಗರ. ಕಂಡಕ್ಟರಮ್ಮ ಅಜ್ಜಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

"ತಂತಿ ಮಾತಾಡೋದು ಪಕ್ಕೆಯಿಂದ, ಅಜ್ಜಿ. ತುದಿಯಿಂದ ಬಹಳ ಕಮ್ಮಿ. ನಾವು ಪಕ್ಕೆಗೆ ಪಕ್ಕೆ ತಂದಿಟ್ವಿ."

"ಓರಗಿತ್ತಿಯರನ್ನ ಒಂದೇ ಅಡುಗೆಮನೇಲಿ ನಿಲ್ಲಿಸಿದ ಹಾಗೆ ಅನ್ನು."

"ಹೂಂ. ಒಂದೇ ಸಾಲಲ್ಲಿ, ತುದಿಗೆ ತುದಿ ಬರೋ ಹಾಗೆ ಕಟ್ಟಬೇಕು. ಮೈದಾನದ ಉದ್ದ ಸಾಲಲ್ಲ."

ಮೇಷ್ಟ್ರು ಬಂದು, "ಸರದಿ ಮೇಲೆ ಮಾತಾಡಿದ್ರಾಯ್ತು. ಅಧಿಕಾರಿಗೇನು ಗೊತ್ತಾಗುತ್ತೆ?" ಎಂದರು.

"ಟಿಕೆಟ್ ಇಲ್ಲದವರನ್ನ ನಾನು ಹತ್ತಿಸ್ಕೊಂಡವಳಲ್ಲ, ಮೇಷ್ಟ್ರೇ. ಬಿಚ್ಚಿ."

ಮೂರನೆಯ ತಂತಿ ಅಜ್ಜಿಯ ತಾರಸಿ ದಾಟಿ ಆಚೆ ಮನೆಯವರೆಗೆ ಹೋಗಬೇಕಿತ್ತು. ಅದು ಅಜ್ಜಿಯ ಮೈದುನನ ಮನೆ. ನಡುವಿನ ಗೋಡೆ ಎದ್ದಂದಿನಿಂದ ಇಬ್ಬರಿಗೂ ಮಾತಿಲ್ಲ. ಕಂಡಕ್ಟರಮ್ಮ ಹೋಗಿ ಕೇಳಿದ್ದಕ್ಕೆ, "ಅತ್ತಿಗೆ ಬಂದು ಕೇಳಲಿ" ಎಂದು ಕಳಿಸಿದ್ದ.

ಅಜ್ಜಿ ಚಪ್ಪಲಿ ಮೆಟ್ಟಿದಳು. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು.

"ಏನತ್ತಿಗೆ, ದಾರಿ ತಪ್ಪಿ ಬಂದ್ರಾ?" ಎಂದ ಮೈದುನ, ಪೇಪರಿನಿಂದ ಕಣ್ಣೆತ್ತದೆ.

"ತಪ್ಪಿಲ್ಲ. ನಿನ್ನ ತಾರಸಿ ಮೇಲಿನ ಕಂಬಕ್ಕೆ, ರೇಡಿಯೊ ತಂತಿ ಎಳೆದು ಹಿಡಿಯೋಕೆ, ಒಂದು ಹಗ್ಗ ಕಟ್ಟಬೇಕು. ಗೋಡೆ ವಿಷಯ ಎತ್ತಲ್ಲ."

"ನಾನು ಎತ್ತಿದ್ರೆ?"

"ಹಗ್ಗ ಬಿಚ್ಚಿದ ಮೇಲೆ ಎತ್ತು. ಕೂತು ಕೇಳ್ತೀನಿ."

ಅವನು ಪೇಪರು ಮಡಿಸಿ ತಾರಸಿಯ ಬೀಗದ ಕೈ ಕೊಟ್ಟ.

ಸವೆದ ಮಂಡಿಯಲ್ಲೇ ಕಂಡಕ್ಟರಮ್ಮ ಎರಡೂ ಮನೆಗಳ ಮೆಟ್ಟಿಲು ಹತ್ತಿ ಇಳಿದಳು. ಬೇರೆಯವರು ಹತ್ತುತ್ತೇವೆಂದರೂ ಬಿಡಲಿಲ್ಲ. ಬೀದಿಯ ಕರೆಂಟು ತಂತಿಯ ಹತ್ತಿರ ಸುಳಿಯದ ಹಾಗೆ ದಾರಿ ನೋಡಿಕೊಂಡಳು. ಅಜ್ಜಿ ತನ್ನ ತಾರಸಿಯಲ್ಲಿ ನಿಂತು, ತಂತಿ ಜೋಲದ ಹಾಗೆ, ಬಿಗಿದು ಹರಿಯದ ಹಾಗೆ ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಟ್ಟಳು.

ಸಂಜೆ ಬಂದ ಅಧಿಕಾರಿ ಮೂವರನ್ನೂ ಒಟ್ಟಿಗೇ ಕೆಲಸಕ್ಕೆ ಹಚ್ಚಿದರು. ಒಬ್ಬರು ಮಾತಾಡುತ್ತಿದ್ದಂತೆ ಉಳಿದಿಬ್ಬರ ಮೇಜಿಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರು. ದೂರದ ಊರುಗಳ ದನಿ ಸಣ್ಣದಾದರೂ ಸ್ಪಷ್ಟವಾಗಿತ್ತು.

"ಸರಿ, ನಿಮ್ಮನ್ನೇ ಕರೀತೀವಿ. ಆದರೆ ವರ್ಷಕ್ಕೊಂದು ಸಲ ಹೀಗೇ ತೋರಿಸಬೇಕು," ಎಂದರು.

ಕಂಡಕ್ಟರಮ್ಮ ತಂತಿ ಸುತ್ತಿ ಹೆಗಲಿಗೇರಿಸಿಕೊಂಡಳು. ಆಚೆ ತಾರಸಿಯಲ್ಲಿ ಮೈದುನ ಸೊಂಟದ ಮೇಲೆ ಕೈಯಿಟ್ಟು, ಗೋಡೆಯ ಮಾತೆತ್ತಲು ಅತ್ತಿಗೆಗಾಗಿ ಕಾಯುತ್ತಿದ್ದ. ಕಂಡಕ್ಟರಮ್ಮ ಅವನನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು.

"ಅಜ್ಜಿ, ಮುಂದಿನ ವರ್ಷ ಅವರನ್ನ ನಾನೇ ಕೇಳ್ಲಾ, ನೀವೇ ಹೋಗ್ತೀರಾ?"